ಬೋರಲು ಹಾಕಿದ ಗಡಿಗೆ

ಯಾಂಬಾನ ಗಿನಿಕೋಳಿ ಮರಿಗಳಿಗೆ ತಿನ್ನಿಸಲು ಗೆದ್ದಲು ಇರಲಿಲ್ಲ. ಮಳೆ ಮುಗಿದು ಊರಿನ ನೆಲ ಕಾದ ಹಂಚಾಗಿತ್ತು. ಸಗಣಿ, ಜೋಳದ ದಂಟು ತುಂಬಿದ ಗಡಿಗೆಯನ್ನು ಎಲ್ಲಿ ಬೋರಲು ಹಾಕಿದರೂ ಮರುದಿನ ಎತ್ತುವಾಗ ಒಂದು ಹಿಡಿ ಹುಳವೂ ಸಿಗುತ್ತಿರಲಿಲ್ಲ.

ಊರಾಚೆ ವಿದ್ಯುತ್ ಕಂಪನಿಯೊಂದು ಸೌರಫಲಕ ನೆಟ್ಟ ಬೇಲಿಯೊಳಗೆ ಹಾಗಿರಲಿಲ್ಲ. ನೆರಳಿಗೆ ತೇವ ನಿಂತು, ತೇವಕ್ಕೆ ಹುಲ್ಲು ಬಂದು, ಹುಲ್ಲಿನ ಬುಡಕ್ಕೆ ಗೆದ್ದಲು ಬಂದಿತ್ತು. ಅಲ್ಲಿ ಮಣ್ಣಿನ ಸಂಶೋಧಕಿ ಕ್ಲಾರಿಸ್ ತೊಯೆ ಕೆಂಪು ದಾರ ಕಟ್ಟಿದ ಹನ್ನೆರಡು ತುಂಡು ನೆಲಕ್ಕೆ ಯಾಂಬಾನೇ ಕಾವಲು. ಒಂದೊಂದರಲ್ಲೂ ಅವಳು ಒಂದು ಚೀಲ ಹುಲ್ಲು ಹೂತಿದ್ದಳು. ಬೇಸಿಗೆಯಲ್ಲಿ ತೆಗೆದಾಗ ಗೆದ್ದಲು ಅದನ್ನು ತಿಂದಿದ್ದರೆ ನೆಲ ಜೀವಂತ. ಹಾಗಿದ್ದರೆ ಫಲಕಗಳ ಸಾಲುಗಳ ನಡುವೆ ಊರಿನ ಹೆಂಗಸರು ಗುಣಿ ತೋಡಿ ಜೋಳ ಹಾಕಬಹುದು. ಇಲ್ಲವಾದರೆ ಜಲ್ಲಿ ಹರಡಿ ಕಳೆಮದ್ದು ಹೊಡೆಯುತ್ತೇವೆ ಎಂದು ಕಂಪನಿಯವರು ಹೇಳಿದ್ದರು.

ಯಾಂಬಾ ಒಂದು ಮೇಕೆಯನ್ನೂ ಒಳಗೆ ಬಿಡಲಿಲ್ಲ. ಆದರೆ ತನ್ನ ಗಡಿಗೆಯನ್ನು ಅಲ್ಲೇ ಬೋರಲು ಇಟ್ಟ. ಗೆದ್ದಲಿಗೇನು ಬರವೇ ಎಂದುಕೊಂಡು ನಾಲ್ಕು ತಿಂಗಳು ತುಂಡಿನಿಂದ ತುಂಡಿಗೆ ಸರಿಸುತ್ತ ಹೋದ. ಹುಳುಗಳು ಹುಲ್ಲು ಬಿಟ್ಟು ಸಗಣಿಗೆ ಬಂದವು.

ತೆಗೆದ ದಿನ ಹನ್ನೆರಡು ಚೀಲಗಳೂ ಹೂತಂತೆಯೇ ಬಂದವು. ಕ್ಲಾರಿಸ್ ಕುಕ್ಕರುಗಾಲಲ್ಲಿ ಕೂತು ಮಣ್ಣು ಹಿಸುಕುತ್ತಲೇ ಇದ್ದಳು.

"ನೆಲ ಸತ್ತಿದೆ ಅಂತ ಬರೀಬೇಕು" ಎಂದಳು.

ಯಾಂಬಾ ಅವಳ ಪಕ್ಕ ಕೂತ. "ಸತ್ತಿಲ್ಲ ಅಕ್ಕಾ. ನಿನ್ನ ಗೆದ್ದಲನ್ನೆಲ್ಲ ನನ್ನ ಕೋಳಿ ತಿಂದ್ವು."

ಅವಳು ಸಮೊ, ಅವನು ಮೊಸ್ಸಿ. ಎದುರಾದರೆ ಬೈದುಕೊಳ್ಳುವುದು ಈ ಎರಡು ಕುಲಗಳಿಗೆ ಮುತ್ತಜ್ಜರ ಕಾಲದಿಂದ ಬಂದ ಸಲಿಗೆ. ಬೈಗುಳವನ್ನು ನಿಜವೆಂದುಕೊಂಡವನೇ ದಡ್ಡ. ಮೊದಲ ದಿನದಿಂದಲೂ ಅವಳು ಅವನನ್ನು ನನ್ನ ಜೀತದಾಳು ಎನ್ನುತ್ತಿದ್ದಳು. ಈಗಲೂ ಒದ್ದೆಗಣ್ಣಲ್ಲೇ ನಕ್ಕಳು.

"ಇಂಥಾ ದಿನಾನೂ ಬಿಡಲ್ವಲ್ಲೋ ನೀನು. ಗೆದ್ದಲನ್ನೂ ಕದಿಯೋ ಕುಲ ನಿಮ್ದು."

ತಮಾಷೆಯಲ್ಲ ಎಂದರೆ ಸಾಕಿತ್ತು. ತೋರಿಸಲು ಗಡಿಗೆ ಏಳನೇ ಕಂಬದ ಹಿಂದೆಯೇ ಇತ್ತು, ಹತ್ತೇ ಹೆಜ್ಜೆ ದೂರ. ಆದರೆ ಕೆಲಸ ಹೋಗುತ್ತದೆ ಎಂಬುದು ಮೊದಲು ಹೊಳೆಯಿತು.

"ನಾಯಿತಲೆ ತಿನ್ನೋರಿಗೆ ಗೆದ್ದಲು ಯಾಕೆ?" ಎಂದು ಸಮೊಗಳಿಗೆ ಹಾಕುವ ಹಳೇ ಬೈಗುಳ ಹಾಕಿ ಅವನೂ ನಕ್ಕ. ನಕ್ಕಿದ್ದು ತನ್ನ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಅವಳು ಅವನ ಬೆನ್ನಿಗೆ ಗುದ್ದಿ, ಪುಸ್ತಕದಲ್ಲಿ ಸೊನ್ನೆ ಬರೆದಳು.

ಎರಡು ವಾರಕ್ಕೆ ಜಲ್ಲಿ ಲಾರಿಗಳು ಬಂದವು. ಗುದ್ದಲಿ ಹಿಡಿದು ಬಂದಿದ್ದ ಹೆಂಗಸರು ಬೇಲಿಯಾಚೆ ನಿಂತು ನೋಡಿ ಮನೆಗೆ ಹೋದರು. ಯಾಂಬಾನ ಹೆಂಡತಿ ಪೊಕೊ ಅವರಲ್ಲಿ ಒಬ್ಬಳು.

"ಆ ಸಮೊ ಹೆಂಗಸನ್ನ ನಂಬಿದ್ದೇ ತಪ್ಪು" ಎಂದಳು. ಅದು ತಮಾಷೆಯಾಗಿರಲಿಲ್ಲ. ಯಾಂಬಾ ತಲೆ ಎತ್ತದೆ ಮರಿಗಳಿಗೆ ನೀರಿಟ್ಟ.

ಹೋದದ್ದು ಹನ್ನೆರಡು ತುಂಡು ನೆಲ, ಮೂವತ್ತೊಂದು ಹೆಂಗಸರ ಜೋಳದ ಸಾಲು, ಕ್ಲಾರಿಸಳ ಮೂರು ವರ್ಷದ ದುಡಿಮೆ. ಹದಿನೇಳು ಮರಿಗಳಲ್ಲಿ ಒಂಬತ್ತು ರೋಗಕ್ಕೆ ಹೋದವು. ಉಳಿದದ್ದು ಎಂಟು ಗಿನಿಕೋಳಿ.