ಪೆದ್ದಪ್ಪನ ಬಲಗಿವಿ

ಕೋಳಿಗರಿಯ ತುದಿಯಲ್ಲಿ ನಿಂತಿದ್ದ ಒಂದು ತೊಟ್ಟು ಎಣ್ಣೆಯನ್ನು ಮುನಿಗಂಗಮ್ಮ ತಗಡಿನ ಆಟದ ಎಂಜಿನ್ನಿನ ಹಲ್ಲುಚಕ್ರಕ್ಕೆ ಮುಟ್ಟಿಸಿದಳು. ಹೊರಗೆ ಅಂಗಳದಲ್ಲಿ ಅವಳ ತಂದೆಗೆ ಚಟ್ಟ ಕಟ್ಟುತ್ತಿದ್ದರು. ಗರಿಯನ್ನು ಸೂರಿಗೆ ಸಿಕ್ಕಿಸಿ ಎಂಜಿನ್ನನ್ನು ಸೆರಗಿನಿಂದ ಒರೆಸುತ್ತಿರುವಾಗ ತಾಯಿ ಕದಿರಮ್ಮ ಒಳಗೆ ಬಂದಳು.

"ಏನೇ ಗಂಗ, ನೀರು ಹಾಕೋಕೆ ಎಲ್ಲಾರೂ ಕಾಯ್ತಾವ್ರೆ. ಈಗ ಇದನ್ನ ಹಿಡ್ಕೊಂಡು ಕೂತಿದೀಯಲ್ಲ."

"ನಾಯನ ಇದರ ಸದ್ದು ಕೇಳಲೇ ಇಲ್ಲ ಕಣಮ್ಮ." ಅಪ್ಪನನ್ನು ಅವಳು ನಾಯನ ಎಂದೇ ಕರೆಯುತ್ತಿದ್ದುದು.

ಕದಿರಮ್ಮ ಮಗಳ ಕೈಯನ್ನು ನೋಡಿದಳು. ಸೀರೆಗೆ ಎಣ್ಣೆ ಮಾಡಿಕೊಳ್ಳಬೇಡವೆಂದು ಮಾತ್ರ ಹೇಳಿ ಹೊರಗೆ ಹೋದಳು.

ಹಿಂದಿನ ದಿನ ಮಧ್ಯಾಹ್ನ ಗಂಗಮ್ಮ ಈ ಎಂಜಿನ್ನನ್ನು ಮುಗಿಸಿ, ಅದೇ ಬೀದಿಯಲ್ಲಿದ್ದ ಗಂಡನ ಮನೆಯಿಂದ ಓಡೋಡಿ ಬಂದಿದ್ದಳು. ತಂದೆ ಪೆದ್ದಪ್ಪ ಮುದ್ದೆ ಉಂಡು, ಮೇಲೊಂದು ಮಾವಿನಹಣ್ಣು ತಿಂದು ಜಗಲಿಯ ಮೇಲೆ ಮಲಗಿದ್ದ. ಎಬ್ಬಿಸುವುದು ಬೇಡವೆಂದು ಅವಳು ಪಕ್ಕದಲ್ಲೇ ಕುಳಿತಳು. ನೆರಳು ಜಗಲಿ ದಾಟಿ ಬೀದಿಗೆ ಬಂದರೂ ಅವನು ಏಳಲಿಲ್ಲ. ಎಬ್ಬಿಸಿದ್ದರೆ ಎಂಬ ಯೋಚನೆ ಆಗಿನಿಂದ ಅವಳನ್ನು ಬಿಟ್ಟಿರಲಿಲ್ಲ.

ಎಪ್ಪತ್ತು ತುಂಬಿದ ಮನುಷ್ಯ, ನರಳದೆ ಹೋಗಿದ್ದ. ಆದ್ದರಿಂದ ಅಂಗಳದಲ್ಲಿ ಅಳುವಿಗಿಂತ ಮಾತೇ ಹೆಚ್ಚಾಗಿತ್ತು. ಶ್ರೀನಿವಾಸಪುರದ ಪೇಟೆಬೀದಿಯಲ್ಲಿ ಬಳೆ, ಬಾಚಣಿಗೆ, ಗೊಂಬೆ ಮಾರುವ ಸುಬ್ಬರಾಯಪ್ಪ, ಪೆದ್ದಪ್ಪ ತನ್ನ ಅಂಗಡಿಯ ಒಂದೊಂದು ಆಟದ ಎಂಜಿನ್ನಿಗೂ ಇಟ್ಟ ಹೆಸರುಗಳನ್ನು ನೆನೆಸಿಕೊಂಡು ಹೇಳುತ್ತಿದ್ದ. ಕೀಲಿ ಕೊಟ್ಟ ಕೂಡಲೇ ಹಾರಿ, ಗಾಡಿ ಕಟ್ಟಿದ ಕೂಡಲೇ ನಿಲ್ಲುವುದಕ್ಕೆ ಹೊಸ ಅಳಿಯ ಎನ್ನುತ್ತಿದ್ದನಂತೆ. ಚಟ್ಟ ಕಟ್ಟುತ್ತಿದ್ದವರೂ ನಕ್ಕರು.

"ಇನ್ಮೇಲೆ ನಾನು ರೈಲು ತರಿಸಲ್ಲ," ಎಂದ ಸುಬ್ಬರಾಯಪ್ಪ. "ಆ ಕಿವಿ ಇಲ್ದೆ ಯಾವ ಧೈರ್ಯದ ಮೇಲೆ ಮಾರ್ಲಿ?"

*

ಪೆದ್ದಪ್ಪ ಬೌರಿಂಗ್‌ಪೇಟೆಯ ಸಣ್ಣ ರೈಲಿನ ಷೆಡ್ಡಿನಲ್ಲಿ ಇಪ್ಪತ್ತು ವರ್ಷ ಫಿಟ್ಟರಾಗಿದ್ದವನು. ಬಾಯ್ಲರಿನ ಮೇಲೆ ಬೀಳುವ ಸುತ್ತಿಗೆಯ ಸದ್ದು ಅವನ ಎಡಗಿವಿಯನ್ನು ತಿಂದುಹಾಕಿತ್ತು. ಉಳಿದ ಬಲಗಿವಿಯನ್ನು ತೆಗೆದುಕೊಂಡು ಊರಿಗೆ ಬಂದ ಮೇಲೆ, ಸಂಜೆ ಸುಬ್ಬರಾಯಪ್ಪನ ಅಂಗಡಿಯ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು.

ಅಂಗಡಿಗೆ ಬೆಂಗಳೂರಿನಿಂದ ಜಪಾನಿನ ತಗಡಿನ ರೈಲುಗಳು ಬರುತ್ತಿದ್ದವು. ಅಗ್ಗದ ಸಾಮಾನು. ಹತ್ತರಲ್ಲಿ ನಾಲ್ಕು, ಮನೆ ಮುಟ್ಟುವುದರೊಳಗೆ ನಿಂತುಹೋಗುತ್ತಿದ್ದವು. ಯಾವ ನಾಲ್ಕು ಎಂಬುದು ಪೆದ್ದಪ್ಪನೊಬ್ಬನಿಗೇ ತಿಳಿಯುತ್ತಿತ್ತು. ಮಾವಿನಕಾಯಿ ಮಾರಿಕೊಂಡು ಬಂದ ರೈತ ಕೆಂಪು ಎಂಜಿನ್ನಿಗೆ ಕೈ ಹಾಕಿದರೆ, "ಬಣ್ಣ ಓಡಲ್ಲಪ್ಪ, ಕೊಡಿಲ್ಲಿ," ಎಂದು ಇಸಿದುಕೊಳ್ಳುತ್ತಿದ್ದ. ಹತ್ತು ಸುತ್ತು ಕೀಲಿ ಕೊಟ್ಟು, ಗಾಲಿಗಳನ್ನು ಗಾಳಿಯಲ್ಲಿ ಬಿಟ್ಟು, ಬಲಗಿವಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. ಕೆಟ್ಟದ್ದಾದರೆ ಬಾಯಿಗೆ ಬಿಡುವಿರುತ್ತಿರಲಿಲ್ಲ. ಹಲ್ಲು ಸವೆದಿದೆ, ಅಚ್ಚು ಬಾಗಿದೆ, ಸ್ಪ್ರಿಂಗಿನ ಸುರುಳಿಗೆ ತುಕ್ಕು, ಮೂರು ದಿನದ ಬಾಳು. ಒಳ್ಳೆಯದಾದರೆ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಹಿಂದಕ್ಕೆ ಕೊಟ್ಟು ಬೀದಿ ನೋಡುತ್ತಿದ್ದ. ತಾಲ್ಲೂಕಿನ ಜನಕ್ಕೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅವನು ಸುಮ್ಮನಾದೊಡನೆ ಎಂಜಿನ್ನನ್ನು ಟವಲಿನಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಬೇಡವೆಂದ ಎಂಜಿನ್ನುಗಳನ್ನು ಅವನು ಮಗಳಿಗೆ ತಂದುಕೊಡುತ್ತಿದ್ದ. ಗಂಗಮ್ಮ ಅವುಗಳ ತಗಡಿನ ಅಂಚಿನ ಮಡಿಕೆಗಳನ್ನು ಬಿಡಿಸಿ, ಒಳಗಿನದನ್ನೆಲ್ಲ ಮೊರದಲ್ಲಿ ಹರಡಿ, ಅರದಿಂದ ಹಲ್ಲು ತಿದ್ದುತ್ತಿದ್ದಳು. ಮೂರು ವರ್ಷದಲ್ಲಿ ಹನ್ನೊಂದನ್ನು ಸರಿಪಡಿಸಿದ್ದಳು. ಹನ್ನೊಂದೂ ಓಡಿದವು. ಹನ್ನೊಂದಕ್ಕೂ ಅವನು ಮಾತಾಡಿದ್ದ.

"ಎರಡನೇ ಚಕ್ರ ಗೊಣಗ್ತಾ ಐತೆ ಕಣೇ. ನಿಮ್ಮಮ್ಮ ಇದ್ದಂಗೆ."

"ನನಗೇನೂ ಕೇಳಿಸ್ತಿಲ್ಲ ನಾಯನ."

"ಎರಡು ಕಿವಿ ಇರೋವ್ರಿಗೆ ಅದು ಕೇಳ್ಸಲ್ಲ."

ಅವಳು ನಕ್ಕು ಮತ್ತೆ ಬಿಚ್ಚುತ್ತಿದ್ದಳು. ತಪ್ಪು ತೋರಿಸುವಾಗ ಅವನ ದನಿಯಲ್ಲಿ ಒಂದು ಸುಖವಿರುತ್ತಿತ್ತು, ಅದು ಅವಳಿಗೂ ಬೇಕಾಗಿತ್ತು. ಆದರೆ ಒಮ್ಮೆಯಾದರೂ ಅವನು ಸುಮ್ಮನಿರಲಿ ಎಂದು ಅವಳು ಕಾದಿದ್ದಳು. ಹನ್ನೆರಡನೆಯದಾದ ಈ ಎಂಜಿನ್ನಿಗೆ ಒಡೆದ ಟೈಂಪೀಸೊಂದರ ಸುರುಳಿಯನ್ನು ಕೂರಿಸಿದ್ದಳು.

*

ಊರಿಗೂ ಮಣ್ಣು ಮಾಡುವ ಜಾಗಕ್ಕೂ ನಡುವೆ, ಹೊಂಗೆಮರದ ಕೆಳಗೆ, ಚಟ್ಟ ಇಳಿಸುವ ಕಲ್ಲಿದೆ. ಅಲ್ಲಿ ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯಬೇಕು. ಜೀವವೇನಾದರೂ ಉಳಿದಿದ್ದರೆ ಎದ್ದು ಬರಲಿ ಎಂದು. ಆಮೇಲೆ ಹೆಂಗಸರು ಹಿಂದಕ್ಕೆ, ಗಂಡಸರು ಮುಂದಕ್ಕೆ.

ಪೆದ್ದಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಅಣ್ಣನ ಮಗ ಮುನಿಯಲ್ಲಪ್ಪ ಕರೆಯಬೇಕಾಗಿತ್ತು. ತಮಟೆ ನಿಂತಿತು. ಮುನಿಯಲ್ಲಪ್ಪ ತಾನು ನಿಂತಿದ್ದ ಕಡೆಯೇ ಮೊಣಕಾಲೂರಿ, ಕೈಯನ್ನು ಬಾಯಿಗೆ ಅಡ್ಡವಿಟ್ಟು, "ಚಿಕ್ಕಪ್ಪಾ," ಎಂದು ಕರೆದ. ಎರಡನೆಯ ಸಲ ಕರೆದ. ಮೂರನೆಯದನ್ನೂ ಮುಗಿಸಿ ಎದ್ದ.

"ಅದು ಎಡಗಿವಿ ಕಣೋ," ಎಂದಳು ಗಂಗಮ್ಮ.

ಅವಳು ಚಟ್ಟದ ಹತ್ತಿರ ಬಂದು ಬೆರಳು ತೋರಿಸಿದಳು.

"ಆ ಕಿವಿ ಅವರಿಗೆ ಕೇಳಲ್ಲ. ಇಷ್ಟು ವರ್ಷದಿಂದ ನೋಡ್ತಿದೀಯ."

ಮುನಿಯಲ್ಲಪ್ಪ ತಲೆ ಕೆರೆದುಕೊಂಡು ಹಿರಿಯರ ಮುಖ ನೋಡಿದ. ಸಾಂಗವಾಗಿ ಮೂರು ಸಲ ಆಗಿದೆ, ಮತ್ತೆ ಕರೆದರೆ ಆರಾಗುತ್ತದೆ ಎಂದು ಒಬ್ಬರೆಂದರು. ಕೇಳಿಸದ ಕರೆ ಕರೆಯೇ ಅಲ್ಲ ಎಂದು ಇನ್ನೊಬ್ಬರು. ಗಂಗಮ್ಮ ಅಷ್ಟರಲ್ಲಿ ಚಟ್ಟವನ್ನು ಸುತ್ತಿ ಬಲಗಡೆಗೆ ಬಂದು ಕುಳಿತಿದ್ದಳು. ಸೆರಗಿನೊಳಗಿಂದ ಎಂಜಿನ್ನನ್ನು ತೆಗೆದಾಗ ಹಿರಿಯರಲ್ಲೊಬ್ಬರು ಕೈ ಎತ್ತಿದರು. ಕದಿರಮ್ಮ ನಡುವೆ ಬಂದು ನಿಂತಳು.

"ಬಿಡಿ," ಎಂದಳು. "ಆ ಮನುಷ್ಯ ಕೂಗಿ ಕರೆದ್ರೆ ಯಾವತ್ತು ಎದ್ದಿದ್ದಾರೆ? ಇದಕ್ಕೆ ಏಳ್ತಿದ್ರು."

ಗಂಗಮ್ಮ ಕೀಲಿ ಕೊಟ್ಟಳು. ಹತ್ತು ಸುತ್ತು. ಹೂವಿನ ಎಸಳೊಂದನ್ನು ಸರಿಸಿ, ಎಂಜಿನ್ನನ್ನು ತಂದೆಯ ಬಲಗಿವಿಗೆ ಹಿಡಿದು ಬೆರಳು ಬಿಟ್ಟಳು. ಗಾಲಿಗಳು ತಿರುಗಿದವು. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು.

ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ನಿಲ್ಲಬೇಕಾದ ಗಾಲಿಗಳು ನಿಲ್ಲಲಿಲ್ಲ. ಚಟ್ಟ ಹೊತ್ತು ಬಂದವರಲ್ಲಿ ಇಬ್ಬರು ಕುಕ್ಕರಗಾಲಿನಲ್ಲಿ ಕುಳಿತರು. ಸುಬ್ಬರಾಯಪ್ಪ ಹತ್ತಿರ ಬಂದು ತಲೆ ಓರೆ ಮಾಡಿ ನಿಂತ.

"ಏನಂತಾರೆ ಚಿಕ್ಕಪ್ಪ?" ಎಂದು ಮುನಿಯಲ್ಲಪ್ಪ ಮೆಲ್ಲಗೆ ಕೇಳಿದ.

ಸುಬ್ಬರಾಯಪ್ಪ ಪೆದ್ದಪ್ಪನ ಮುಖವನ್ನು ನೋಡಿದ. ಆಮೇಲೆ ಗಂಗಮ್ಮನ ಕೈ ನೋಡಿದ.

"ಏನೂ ಅನ್ನಲಿಲ್ಲ," ಎಂದ.

ಗಂಗಮ್ಮ ಇನ್ನೂ ಓಡುತ್ತಿದ್ದ ಎಂಜಿನ್ನನ್ನು ಕಿವಿಗೆ ಹಿಡಿದೇ ಇದ್ದಳು. ಕೈ ಅಲುಗಲಿಲ್ಲ. ಗುಂಡಿ ತೋಡಿದವನು ಗುದ್ದಲಿ ಹೆಗಲಿಗಿಟ್ಟು, ಇಷ್ಟು ಹೊತ್ತೇಕೆಂದು ನೋಡಲು ಬದುವಿನ ಮೇಲೆ ಬಂದು ನಿಂತಿದ್ದ. ಹೊಂಗೆಯ ಗಾಳಿಗೆ ತಮಟೆಯ ಚರ್ಮ ಸಣ್ಣಗೆ ಗುಂಯ್‌ಗುಡತೊಡಗಿತು. ತಮಟೆಯವನು ಅದರ ಮೇಲೆ ಅಂಗೈ ಒತ್ತಿ ಹಿಡಿದುಕೊಂಡ.