ಅರ್ಧಕ್ಕೆ ನಿಂತ ಪಾಠ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೇ ಪುಣ್ಯ. ಅಂಥದ್ದರಲ್ಲಿ ಆ ಸೋಮವಾರ ಯಾರೋ ಅಪರಿಚಿತರು ಎದ್ದು ನಿಂತು ಪದ್ಮಜಾ ಅವರಿಗೆ ಕೈಮುಗಿದರು.

"ಕೂಡ್ರಿ ಮೇಡಂ. ನಿಮ್ಮ ವಿಡಿಯೋ ನೋಡೀನ್ರಿ. ಭಾರಿ ಮಾತಾಡೀರಿ!"

"ಯಾವ ವಿಡಿಯೋರಿ?"

ಆತ ಮೊಬೈಲು ಚಾಚಿದರು. ಅದರಲ್ಲಿ ಪದ್ಮಜಾ, ತಾವು ರಾಜ್ಯಶಾಸ್ತ್ರ ಕಲಿಸುವ ಕಮಲಾಪುರದ ಕಾಲೇಜಿನ ಕ್ಲಾಸಿನಲ್ಲಿ ಕೈಯೆತ್ತಿ ಹೇಳುತ್ತಿದ್ದರು: "ಓಟು, ಕೋರ್ಟು, ಪೇಪರು ಇಷ್ಟೆಲ್ಲ ಯಾಕ ಬೇಕು? ಮನಿಗೊಬ್ಬ ಯಜಮಾನ ಇದ್ದಂಗ ದೇಶಕ್ಕೂ ಒಬ್ಬ ಸಾಕು. ತಕರಾರು ಮಾಡೋರ ಬಾಯಿ ಮುಚ್ಚಿಸಿದ್ರ ಉಳಿದೋರು ಆರಾಮ ಇರ್ತಾರ!"

ಅಷ್ಟಕ್ಕೇ ಮುಗಿದಿತ್ತು.

ಪದ್ಮಜಾ ಶನಿವಾರ ಹೇಳಿದ ಪಾಠದ ಮೊದಲರ್ಧ ಅದು. ತಂದೆ ಪ್ರಹ್ಲಾದಾಚಾರ್ಯರು ಮನೆಯಲ್ಲಿ ಶಾಸ್ತ್ರಪಾಠ ಹೇಳುತ್ತಿದ್ದ ಕ್ರಮವೇ ಅವರದೂ. ಮೊದಲು ಎದುರಾಳಿಯ ವಾದ, ಅಂದರೆ ಪೂರ್ವಪಕ್ಷ. ಅದನ್ನು ಅವನೇ ಕೇಳಿ ತಲೆದೂಗುವ ಹಾಗೆ ಹೇಳಬೇಕು. ಆಮೇಲೆ ಅದನ್ನು ಒಡೆದು ತಮ್ಮ ಸಿದ್ಧಾಂತ. ಪ್ರಜಾಪ್ರಭುತ್ವಕ್ಕೆ ಇರುವ ಅಪಾಯಗಳನ್ನೂ ಮಗಳು ಅದೇ ಕ್ರಮದಲ್ಲಿ ಕಲಿಸಹೊರಟಿದ್ದಳು. ಶನಿವಾರ ಪೂರ್ವಪಕ್ಷ ಮುಗಿಯುವಷ್ಟರಲ್ಲಿ ಗಂಟೆ ಹೊಡೆದಿತ್ತು. ಅಷ್ಟನ್ನೇ ಯಾರೋ ವಿದ್ಯಾರ್ಥಿ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟಿದ್ದ.

ಆತ ಬಿಟ್ಟುಕೊಟ್ಟ ಸೀಟಿನ ಪಕ್ಕದಲ್ಲಿ ಕೂತಿದ್ದ ಶಾಹಜಾದಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು, ಹಳೆಯ ಗೆಳತಿ. ಬಸ್ಸು ಹತ್ತಿದಾಗಿನಿಂದ, ದಿನದಂತೆ ಊಟದ ಡಬ್ಬಿಯಲ್ಲಿ ಏನಿದೆ ಎಂದೂ ಕೇಳಿರಲಿಲ್ಲ.

"ನೀನೂ ನೋಡೀಯೇನ?"

"ನನಗ ನಿನ್ನ ಪದ್ಧತಿ ಗೊತ್ತದ ಪದ್ಮಾ. ನನ್ನ ಮಗಳು ಸಿದ್ರಾಗ ಗೊತ್ತಿಲ್ಲಲ್ಲ. ನಿನ್ನೆ ಕೇಳಿದ್ಲು, 'ಅಮ್ಮೀ, ಪದ್ಮಾ ಆಂಟಿ ನಮ್ಮ ಬಾಯೀನೂ ಮುಚ್ಚಸ್ತಾರೇನು' ಅಂತ."

ಪದ್ಮಜಾ ಬ್ಯಾಗಿನಿಂದ ಪಾಠದ ಟಿಪ್ಪಣಿ ತೆಗೆದು ಉಳಿದರ್ಧ ಓದತೊಡಗಿದರು.

ಕಾಲೇಜಿನ ಗೇಟಿನಲ್ಲಿ ಊರಿನ ನಾಲ್ಕಾರು ಮಂದಿ ಶಾಲು, ಹಾರ, ಕೆಂಪು ಬಾಳೆಹಣ್ಣಿನ ಗೊನೆ ಹಿಡಿದು ಕಾಯುತ್ತಿದ್ದರು. ಪ್ರಿನ್ಸಿಪಾಲರು ಓಡಿಬಂದು ಪಿಸುಗುಟ್ಟಿದರು.

"ಮೇಡಂ, ಕ್ಲಾಸಿನ್ಯಾಗ ಸನ್ಮಾನ ಮಾಡ್ತಾರಂತ. ಸುಮ್ನ ಹಾಕಿಸ್ಕೊಂಡು ಬಿಡ್ರಿ."

"ಸರ, ಅದು ನನ್ನ ಮಾತಲ್ರಿ!"

"ಯಾರ ಮಾತರೆ ಇರಲಿರೀ. ಇವತ್ತು ಶಾಲು ಹಾಕೋ ಮಂದೀನೇ ನಾಳೆ ಗೇಟಿಗೆ ಕೀಲಿ ಹಾಕ್ತಾರ. ನಿಮಗೂ ಸಂಸಾರ ಅದ, ನನಗೂ ಅದ."

ಬೈಯಲು ಬಂದಿದ್ದರೆ ಎದುರು ನಿಲ್ಲಬಹುದಿತ್ತು. ಇವರು ನಗುತ್ತ ಬಂದಿದ್ದರು. ಬಾಯಿ ಮುಚ್ಚಿಸುವ ಯಜಮಾನ ಬೇಕು ಎಂದು ಯಾರೂ ಇವರನ್ನು ಹೊಡೆದು ಒಪ್ಪಿಸಿರಲಿಲ್ಲ. ತಾವಾಗಿಯೇ ಹಾರ ಹಿಡಿದು ಅವನನ್ನು ಬೇಡುತ್ತಿದ್ದರು. ಮೆಟ್ಟಿಲು ಹತ್ತುವಾಗ ಪದ್ಮಜಾ ಅವರಿಗೆ ಇನ್ನೊಂದು ನೆನಪಾಯಿತು. ದಿನಾ ಆಕಳಿಸುವ ಕ್ಲಾಸು ಶನಿವಾರ ಕಣ್ಣು ಮಿಟುಕಿಸದೆ ಕೇಳಿತ್ತು. ಆ ನಿಶ್ಶಬ್ದ ತಮಗೂ ರುಚಿಸಿತ್ತು. ಅದಕ್ಕೇ ಅಲ್ಲವೇ ಪೂರ್ವಪಕ್ಷವನ್ನು ಗಂಟೆಯವರೆಗೂ ಎಳೆದದ್ದು?

ಒಳಗೆ ಕಾಲಿಟ್ಟರೆ ಚಪ್ಪಾಳೆ. ಮೊಬೈಲುಗಳು ಮೇಲೆದ್ದವು. ಶಾಲು ಹಿಡಿದವರು ಹಿಂದಿನ ಗೋಡೆಗೆ ಸಾಲಾಗಿ ನಿಂತರು. ಶಾಹಜಾದಿ ತನ್ನ ಕ್ಲಾಸಿಗೆ ಹೋಗದೆ ಬಾಗಿಲಲ್ಲೇ ಉಳಿದಿದ್ದಳು.

ಪದ್ಮಜಾ ಬೋರ್ಡಿನ ಕಡೆ ತಿರುಗಿ 'ಸಿದ್ಧಾಂತ' ಎಂದು ಬರೆದರು.

"ಸನ್ಮಾನ ಆಮ್ಯಾಲ ನೋಡೋಣ್ರಿ. ಮೊದಲು ಪಾಠ ಮುಗೀಲಿ. ಶನಿವಾರ ನಾ ಹೇಳಿದ್ದು ಎದುರಾಳಿ ಮಾತು. ಇವತ್ತು ಅದನ್ನ ಒಡೀತೀನಿ."

ಚಪ್ಪಾಳೆ ನಿಂತಿತು. ಮೊಬೈಲುಗಳು ಮಾತ್ರ ಕೆಳಗಿಳಿಯಲಿಲ್ಲ.

"ಎಲ್ಲಾರ ಬಾಯೂ ಮುಚ್ಚಿಸಿದ ಮನ್ಯಾಗ, ಯಜಮಾನ ತಪ್ಪು ಮಾಡಿದ್ರ ಅವಂಗ ಹೇಳೋರು ಯಾರು? ಹೇಳ್ರಿ."

ಹಿಂದೆ ನಿಂತಿದ್ದವರಲ್ಲೊಬ್ಬ ಕಣ್ಣು ಕೀಳದೆ ಪದ್ಮಜಾ ಅವರನ್ನೇ ನೋಡುತ್ತ ಶಾಲನ್ನು ನಿಧಾನವಾಗಿ ಮಡಚತೊಡಗಿದ. ಗಂಟೆ ಹೊಡೆಯಲು ಇನ್ನೂ ಬಹಳ ಹೊತ್ತಿತ್ತು.