ಉಗ್ಗು ನುಂಗಿದ ಪೆಟ್ಟಿಗೆ

ನನಗೆ ಉಗ್ಗು ಇದೆ. ಸಿಟ್ಟು ಅದಕ್ಕಿಂತ ಹೆಚ್ಚು. ಬಾಯಿ ತೆರೆದರೆ ಸಾಕು, ನಿಪ್ಪಾಣಿಯ ಅರ್ಧ ಜನ ನನ್ನ ಮಾತು ಮುಗಿಸಿಕೊಡಲು ಓಡಿ ಬರುತ್ತಾರೆ. ಎಲ್ಲರೂ ಒಳ್ಳೆಯವರೇ. ಚಹಾ ಕೇಳಲು "ಚ... ಚ..." ಎಂದರೆ ತಟ್ಟೆ ತುಂಬ ಚುನಮರಿ ತಂದಿಡುತ್ತಾರೆ, ಅಷ್ಟೇ. ಅವರಲ್ಲಿ ಮೊದಲಿಗ ಭಾವುಸಾಹೇಬ, ನನ್ನೊಡನೆ ತಂಬಾಕು ಕೂಡಿಡುವ ವಖಾರಿಯಲ್ಲಿ ಚೀಲ ಹೊರುವವನು.

೧೯೮೯ರ ಬೇಸಿಗೆಯಲ್ಲಿ ರೇಡಿಯೋದವರು ಕೂಲಿಕಾರರ ಮಾತುಕತೆ ರೆಕಾರ್ಡ್ ಮಾಡಲು ಬಂದರು. ನಾನು, ಭಾವುಸಾಹೇಬ ಸೇರಿ ನಾಲ್ವರಿಗೆ ನಾಲ್ಕು ಮೈಕು, ನಡುವೆ ಹೊಸದೊಂದು ಪೆಟ್ಟಿಗೆ. ಮಾತಾಡುವವರ ಮೈಕನ್ನು ತಾನೇ ತೆರೆದು, ಸುಮ್ಮನಿದ್ದವರದನ್ನು ತಾನೇ ಮುಚ್ಚುತ್ತದಂತೆ.

"ಕೆಮ್ಮು, ಮೇಜು ಬಡಿಯೂದು ಇದಕ್ಕ ಲೆಕ್ಕಕ್ಕಿಲ್ರಿ. ಮಾತು ಹರೀತಂದ್ರ ಅಷ್ಟ ತೆರೀತೈತಿ," ಎಂದರು ರೇಡಿಯೋ ಸಾಹೇಬರು.

ನನ್ನ ಮಾತು ಹರಿಯುವುದೆಲ್ಲಿ ಬಂತು? ಹಾಗಾದರೆ ನನ್ನ ಮೈಕು ತೆರೆದ ಹಾಗೇ!

ನನಗೆ ಹೇಳಬೇಕಾಗಿದ್ದುದು ಒಂದೇ ಮಾತು. ನನ್ನ ಹೆಂಡತಿ ತುಳಸವ್ವ ಅದೇ ವಖಾರಿಯ ಧೂಳಿನಲ್ಲಿ ದಿನವಿಡೀ ತಂಬಾಕು ಆರಿಸುತ್ತಾಳೆ, ಮನೆಗೆ ಬಂದು ಕೆಮ್ಮುತ್ತಾಳೆ. ಅಲ್ಲಿ ಕಿಟಕಿ ಬೇಕು. ಇದನ್ನು ನಾನೇ ಹೇಳಬೇಕು, ಪೂರ್ತಿ ಹೇಳಬೇಕು. ಕುರ್ಚಿಯಲ್ಲಿ ಕೂರಲಾಗದೆ ಕಾಲು ಕುಣಿಸುತ್ತಿದ್ದೆ. ಸರದಿ ಬಂತು.

"ವ... ವ... ವ..."

ಮೈಕು ತೆರೆದರೆ ಹತ್ತಬೇಕಿದ್ದ ಪೆಟ್ಟಿಗೆಯ ದೀಪ ಹತ್ತಲಿಲ್ಲ. ಭಾವುಸಾಹೇಬ ಬಾಯಿ ತೆರೆದ. ರೇಡಿಯೋ ಸಾಹೇಬರು ಕೈ ಅಡ್ಡ ಹಿಡಿದು ಅವನನ್ನು ತಡೆದರು. ಶಬ್ದ ಪೂರ್ತಿ ಹೊರಬಂದಾಗಲೆಲ್ಲ ದೀಪ ಹತ್ತಿತು, ಸಿಕ್ಕಿಕೊಂಡಾಗ ಆರಿತು. ಬೆವರಿಳಿಸಿಕೊಂಡು ಹೇಗೋ ಮುಗಿಸಿದೆ.

ಮುಂದಿನ ವಾರ ಮಧ್ಯಾಹ್ನದ ಊಟದ ಹೊತ್ತಿಗೆ ವಖಾರಿಯ ಅಂಗಳದಲ್ಲಿ ಎಲ್ಲರೂ ರೇಡಿಯೋ ಸುತ್ತ ಕೂತೆವು. ನನ್ನ ಮಾತು ಬಂತು.

"ವಖಾರಿಗೆ ಒಂದು ಕಿಟಕಿ ಬೇಕ್ರಿ. ಹೆಣ್ಮಕ್ಕಳಿಗೆ ಉಸಿರಾಡಾಕ ಆಗವಲ್ದು."

ಉಗ್ಗೇ ಇಲ್ಲ! ಚೂರುಪಾರು ಸದ್ದನ್ನೆಲ್ಲ ಪೆಟ್ಟಿಗೆ ನುಂಗಿತ್ತು, ನಡುವಿನ ಖಾಲಿ ಜಾಗವನ್ನು ರೇಡಿಯೋದವರು ಕತ್ತರಿಸಿದ್ದರು. ಖುಷಿಯಿಂದ ನನ್ನ ಕಣ್ಣು ತುಂಬಿತು.

"ಭೇಷ್ ಮಾತಾಡಿದ್ಯೋ ಭಾವುಸಾಹೇಬ," ಎಂದರು ವಖಾರಿಯ ಮಾಲಕ ಧನಪಾಲಣ್ಣ.

"ನಾ ಅಲ್ರಿ ಮಾಲಕ್ರ. ನಮ್ಮ ಭರಮು ಅಂದದ್ದು," ಎಂದು ಭಾವುಸಾಹೇಬ ನನ್ನತ್ತ ಬೆರಳು ತೋರಿಸಿದ.

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. "ಭರಮೂ? ಹಿಂಗ? ಚೇಷ್ಟಾ ಮಾಡಬ್ಯಾಡ್ಲೇ!" ತುಳಸವ್ವ ಕೂಡ ನನ್ನನ್ನು ಅನುಮಾನದಿಂದ ನೋಡಿದಳು. ನನಗೆ ಮೈ ಉರಿದುಹೋಯಿತು. ತಟ್ಟೆ ಸರಿಸಿ ಎದ್ದು ನಿಂತೆ.

"ಹಂಗಾದ್ರ ಈಗ ಹೇಳ್ಲಿ, ನೋಡೂಣು," ಎಂದರು ಧನಪಾಲಣ್ಣ. "ಯಾರೂ ಹೇಳಿಕೊಡಬ್ಯಾಡ್ರಿ."

"ವ... ವ..."

ಭಾವುಸಾಹೇಬನ ತುಟಿ ಅಲುಗಿತು. ತುಳಸವ್ವ ಅವನನ್ನು ಕಣ್ಣಲ್ಲೇ ಗದರಿದಳು. ರೇಡಿಯೋದಲ್ಲಿ ಬಂದ ಮಾತೇ ಹೌದೋ ಅಲ್ಲವೋ ಎಂದು ನೋಡಲು ಅಷ್ಟೂ ಜನ ಬಾಯಿ ಮುಚ್ಚಿಕೊಂಡು ಕಾದರು. ಹುಟ್ಟಿದಾಗಿನಿಂದ ಮೊದಲ ಸಲ ಯಾರೂ ನನ್ನ ಮಾತು ಕಸಿದುಕೊಳ್ಳಲಿಲ್ಲ.

ರೇಡಿಯೋದಲ್ಲಿ ನಾನು ಕೇಳಿದ್ದು ಒಂದೇ ಕಿಟಕಿ. ಇಷ್ಟು ಹೊತ್ತು ಸಿಕ್ಕಿರುವಾಗ ಬಿಡುವುದೇಕೆ? ಉಗ್ಗುತ್ತ ಉಗ್ಗುತ್ತ ನಾಲ್ಕೂ ಗೋಡೆಗೆ ಒಂದೊಂದು ಕಿಟಕಿ ಕೇಳಿದೆ.